ದೀಪದ ಸಣ್ಣ ಸದ್ದು

೧೯೮೮ರಲ್ಲಿ ನಾನು ಓದು ನಿಲ್ಲಿಸಿದೆ. ಎಂಟನೇ ಕ್ಲಾಸು ಅರ್ಧ ಆಗಿತ್ತು. ಯಾರೂ ಬಿಡಿಸಲಿಲ್ಲ. ಮೇಷ್ಟ್ರು ಹೊಡೆದರು, ಅದಕ್ಕೇ ಬಿಟ್ಟೆ ಎಂಬ ಕಥೆಯೂ ನನ್ನದಲ್ಲ. ನಮ್ಮಪ್ಪ ಪೀಣ್ಯದಲ್ಲಿ ಟ್ರಾನ್ಸ್‌ಫಾರ್ಮರ್ ಮಾಡುವ ಸಣ್ಣ ವರ್ಕ್‌ಶಾಪೊಂದರಲ್ಲಿ ಹೆಲ್ಪರ್ ಆಗಿದ್ದ. ಒಂದು ಶನಿವಾರ ಬೆಳಗಿನ ಸ್ಕೂಲು ಮುಗಿಸಿಕೊಂಡು ಅವನಿಗೆ ಊಟದ ಡಬ್ಬಿ ಕೊಡಲು ಹೋದೆ. ಓನರ್ ವೈಂಡಿಂಗ್ ಮೆಷಿನ್ನಿನ ಮುಂದೆ ಕೂತು ತಾಮ್ರದ ತಂತಿ ಸುತ್ತುತ್ತಿದ್ದರು. ತಂತಿಯ ಉರುಳೆ ಜಾರಿ ಜಾರಿ ಹೋಗುತ್ತಿತ್ತು. "ಲೋ, ಅದನ್ನ ಸ್ವಲ್ಪ ಹಿಡ್ಕೊಳೋ" ಅಂದರು. ಹಿಡಿದುಕೊಂಡೆ. ಸಂಜೆಯವರೆಗೂ ಹಿಡಿದುಕೊಂಡೇ ಇದ್ದೆ. ಸೋಮವಾರ ಸ್ಕೂಲಿನ ಕಡೆ ಹೋಗದೆ ನೇರ ವರ್ಕ್‌ಶಾಪಿಗೆ ಹೋದೆ. ಅಪ್ಪ ಕೇಳಿದ್ದು ಒಂದೇ ಮಾತು: "ಆಮೇಲೆ ನನ್ ಮೇಲೆ ಹೇಳಲ್ಲ ತಾನೆ?"

"ಇಲ್ಲ ಕಣಪ್ಪ" ಅಂದೆ. ಇವತ್ತಿನವರೆಗೂ ಹೇಳಿಲ್ಲ.

ಆ ವರ್ಕ್‌ಶಾಪಿನಲ್ಲಿ ಹದಿನೈದು ವರ್ಷ ಇದ್ದೆ. ಮೊದಲು ತಂತಿ ಸುತ್ತುವುದು ಕಲಿತೆ. ಆಮೇಲೆ ಕೋರ್ ಜೋಡಿಸುವುದು. ಕೋರ್ ಅಂದರೆ ತೆಳ್ಳಗಿನ ಕಬ್ಬಿಣದ ತಗಡುಗಳನ್ನು ಒಂದರ ಮೇಲೊಂದು ಬಿಗಿಯಾಗಿ ಕೂರಿಸಿ ಮಾಡಿದ ಗಟ್ಟಿ; ತಾಮ್ರದ ಸುರುಳಿ ಅದರ ಹೊಟ್ಟೆಯೊಳಗೆ ಕೂರುತ್ತದೆ. ಕರೆಂಟು ಕೊಟ್ಟ ಕೂಡಲೇ ಯಾವ ಟ್ರಾನ್ಸ್‌ಫಾರ್ಮರ್ ಆದರೂ ಸ್ವಲ್ಪ ಗುಂಯ್ ಅನ್ನುತ್ತದೆ. ಒಳ್ಳೆಯದು ನಿದ್ದೆಯಲ್ಲಿರುವವನ ಉಸಿರಿನ ಹಾಗೆ. ಕೆಟ್ಟದು ಗೊರಕೆ. ತಗಡು ಸಡಿಲವಿದ್ದರೆ ಒಂದು ಥರ, ಬೋಲ್ಟ್ ಬಿಗಿ ಇಲ್ಲದಿದ್ದರೆ ಇನ್ನೊಂದು ಥರ, ವಾರ್ನಿಶ್ ಒಳಗೆ ಇಳಿಯದೆ ಮೇಲೇ ಒಣಗಿದ್ದರೆ ಮತ್ತೊಂದು ಥರ. ಅದನ್ನು ಹೇಳಲು ನಮ್ಮಲ್ಲಿ ಯಾವ ಮೀಟರೂ ಇರಲಿಲ್ಲ. ಮರದ ಹಿಡಿಯ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕೋರಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಆನಿಸಿಕೊಂಡು ಕಣ್ಣು ಮುಚ್ಚಬೇಕು. ಮುಚ್ಚಿದ ಕೋಣೆಯ ಬಾಗಿಲಿಗೆ ಕಿವಿಯಿಟ್ಟ ಹಾಗೆ ಒಳಗಿನದೆಲ್ಲ ಕೇಳುತ್ತದೆ.

ಅದು ನನಗೆ ಒಲಿಯಿತು. ಯಾಕೆ ಅಂತ ಕೇಳಿದರೆ ಗೊತ್ತಿಲ್ಲ. ನನಗಿಂತ ಹಿರಿಯರು ಇದ್ದರು, ಐಟಿಐ ಮಾಡಿದವರಿದ್ದರು. ಆದರೆ ಓನರ್ ಕೊನೆಗೆ ಕರೆಯುತ್ತಿದ್ದುದು ನನ್ನನ್ನೇ. "ಮೀಟರ್ ಸುಳ್ ಹೇಳ್ಬೋದು ಗುರು, ಇವ್ನ್ ಕಿವಿ ಹೇಳಲ್ಲ" ಎಂದು ಗಿರಾಕಿಗಳ ಮುಂದೆ ನನ್ನ ಬೆನ್ನು ತಟ್ಟುತ್ತಿದ್ದರು. ಬೇರೆಯವರ ಹತ್ತಿರ ಸರ್ಟಿಫಿಕೇಟ್ ಇತ್ತು, ನನ್ನ ಹತ್ತಿರ ಕಿವಿ ಇತ್ತು. ನಾನು ತಲೆ ಎತ್ತಿಕೊಂಡು ಓಡಾಡಿದ್ದು ಅದರ ಬಲದ ಮೇಲೆ.

ನಮ್ಮ ಶೆಡ್ಡಿಗೂ ಪಕ್ಕದ ಶೆಡ್ಡಿಗೂ ನಡುವೆ ಇದ್ದದ್ದು ಒಂದು ಶೀಟಿನ ಗೋಡೆ ಮಾತ್ರ. ಆಚೆ ಕಡೆ ವಾಷರ್ ಹೊಡೆಯುವ ಪವರ್ ಪ್ರೆಸ್ಸುಗಳು. ಬೆಳಗಿನಿಂದ ಸಂಜೆಯವರೆಗೆ ಧಡಲ್ ಧಡಲ್ ಅನ್ನುತ್ತಿದ್ದವು. ಟೀ ಲೋಟ ಬೆಂಚಿನ ಮೇಲಿಟ್ಟರೆ ತಾನಾಗಿ ಅಂಚಿಗೆ ನಡೆದುಕೊಂಡು ಬರುತ್ತಿತ್ತು. ಕೆಲವರು ಮೆಷಿನ್ ಒರೆಸುವ ಬನಿಯನ್ ವೇಸ್ಟಿನ ಚೂರು ಕಿತ್ತು ಉಂಡೆ ಮಾಡಿ ಕಿವಿಗೆ ತುರುಕಿಕೊಳ್ಳುತ್ತಿದ್ದರು. ಅವರನ್ನು ಉಳಿದವರು ಬಿಡುತ್ತಿರಲಿಲ್ಲ.

"ಏನ್ ಮಗಾ, ಕಿವಿಗೆ ಹತ್ತಿ ಇಟ್ಕೊಂಡಿದೀಯ, ಬಾಣಂತೀನಾ?"

"ಮಗು ಯಾವ್ದೋ, ಗಂಡೋ ಹೆಣ್ಣೋ?"

"ಸಾಂಬ್ರಾಣಿ ಹೊಗೆ ಹಾಕ್ರೋ ಅವ್ನಿಗೆ!"

ನಾನೂ ನಗುತ್ತಿದ್ದೆ. ಆದರೆ ನಾನು ಹತ್ತಿ ಇಟ್ಟುಕೊಳ್ಳದೆ ಇದ್ದದ್ದು ಆ ಗೇಲಿಗೆ ಹೆದರಿ ಅಲ್ಲ. ಕಿವಿ ಮುಚ್ಚಿಕೊಂಡರೆ ನನ್ನ ಕೆಲಸವೇ ಇಲ್ಲ. ಟೆಸ್ಟಿಂಗ್ ಬೆಂಚು ಇದ್ದದ್ದು ಆ ಶೀಟಿನ ಗೋಡೆಗೆ ಒತ್ತಿ. ಕರೆಂಟಿನ ಬೋರ್ಡು ಅಲ್ಲೇ ಇತ್ತು, ಬೇರೆ ಜಾಗ ಇರಲಿಲ್ಲ. ಆ ಧಡಲ್ ಧಡಲ್ಲಿನ ನಡುವೆ ಒಂದು ಸಣ್ಣ ಗುಂಯ್ ಅನ್ನು ಬೇರ್ಪಡಿಸಿ ಕೇಳುವುದೇ ನನ್ನ ಹೆಚ್ಚುಗಾರಿಕೆಯಾಗಿತ್ತು. ಬೇರೆಯವರ ಕಿವಿಗೆ ಬನಿಯನ್ ವೇಸ್ಟಾದರೂ ಇತ್ತು, ನನ್ನದು ಹದಿನೈದು ವರ್ಷ ಬಾಗಿಲು ತೆರೆದೇ ಕೂತಿತ್ತು.

ಓನರ್ ತೀರಿಕೊಂಡ ಮೇಲೆ ಅವರ ಮಗ ಶೆಡ್ಡು ಮಾರಿದ. ಅಪ್ಪನೂ ಅಷ್ಟು ಹೊತ್ತಿಗೆ ಇರಲಿಲ್ಲ. ಕಬ್ಬಿಣದ ಟ್ರಾನ್ಸ್‌ಫಾರ್ಮರಿಗೆ ಬೇಡಿಕೆ ಇಳಿದಿತ್ತು. ಬೆಂಕಿಪೊಟ್ಟಣದಷ್ಟಿರುವ, ಪ್ಲಾಸ್ಟಿಕ್ ಡಬ್ಬಿಯ ಎಲೆಕ್ಟ್ರಾನಿಕ್ ಮಾಲು ಬರತೊಡಗಿತ್ತು. ನಾನು ಹೆಂಡತಿ ಮಗಳನ್ನು ಕರೆದುಕೊಂಡು ಊರಿನ ಇನ್ನೊಂದು ತುದಿಗೆ, ಹೂಡಿಗೆ ಬಂದೆ. ಆ ಕಡೆ ದಿನಕ್ಕೊಂದು ಅಪಾರ್ಟ್‌ಮೆಂಟ್ ಏಳುತ್ತಿತ್ತು. ಯಾರ ಕೈಕೆಳಗೂ ಸೇರದೆ ಸ್ವಂತ ಎಲೆಕ್ಟ್ರಿಷಿಯನ್ ಕೆಲಸ ಹಿಡಿದೆ. ವೈಟ್‌ಫೀಲ್ಡು, ಬ್ರೂಕ್‌ಫೀಲ್ಡು ಕಡೆಯ ನಾಲ್ಕಾರು ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವರ ಹತ್ತಿರ ನನ್ನ ನಂಬರ್ ಇತ್ತು. ಫ್ಯಾನು ಕಿರುಗುಟ್ಟಿದರೆ, ಫ್ರಿಜ್ಜಿನ ಸ್ಟೆಬಿಲೈಜರ್ ಗುರುಗುಟ್ಟಿದರೆ, "ಸದ್ದಿನ ಕೇಸಾ? ಅವ್ರನ್ನ ಕರೀರಿ ಸಾರ್, ಬಾಗ್ಲಲ್ಲೇ ನಿಂತು ಹೇಳ್ತಾರೆ" ಅನ್ನುತ್ತಿದ್ದರು. ಹೌದು, ಬಾಗಿಲಲ್ಲೇ ನಿಂತು ಹೇಳುತ್ತಿದ್ದೆ. ಜಂಬ ಅಂದರೆ ಜಂಬ.

ಮನೆಯಲ್ಲಿ ಹೆಂಡತಿಯ ಒಂದು ಗೊಣಗಾಟ ಇದ್ದೇ ಇತ್ತು. "ಎಷ್ಟೊತ್ತಿಂದ ಕರೀತಿದೀನಿ, ಕಲ್ಲಿಗೆ ಹೇಳ್ದಂಗೆ." ಯಾವ ಹೆಂಡತಿ ಅದನ್ನು ಹೇಳುವುದಿಲ್ಲ? ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನನ್ನದೂ ಒಂದು ಗೊಣಗಾಟ ಇತ್ತು. ನಮ್ಮ ಬಾಡಿಗೆ ಮನೆಯ ಹಿಂದೆ ಒಂದು ಖಾಲಿ ಸೈಟು, ಆಳೆತ್ತರ ಪಾರ್ಥೇನಿಯಂ ಬೆಳೆದಿತ್ತು, ಅದರಾಚೆ ಕೆರೆ. ನಾವು ಬಂದ ಹೊಸದರಲ್ಲಿ ಸಂಜೆಯಾದರೆ ಜೀರುಂಡೆಗಳು ಕಿರ್ರೋ ಅಂತ ಹತ್ತಿಕೊಳ್ಳುತ್ತಿದ್ದವು. ಬರುಬರುತ್ತಾ ಕಡಿಮೆಯಾದವು, ಆಮೇಲೆ ನಿಂತೇ ಹೋದವು. "ಈ ಅಪಾರ್ಟ್‌ಮೆಂಟ್‌ಗಳು ಬಂದ್ಬಿಟ್ಟು ಜೀರುಂಡೆನೂ ಜಾಗ ಬಿಟ್ಟೋದ್ವು ನೋಡಿ" ಎಂದು ಟೀ ಅಂಗಡಿಯಲ್ಲಿ ಎಷ್ಟು ಜನರ ಮುಂದೆ ಹೇಳಿದ್ದೇನೋ.

ಈ ಹೊತ್ತಿನಲ್ಲೇ ಬ್ರೂಕ್‌ಫೀಲ್ಡಿನ ಒಂದು ಮನೆಯ ಕೆಲಸ ಬಂದದ್ದು. ದಾವಣಗೆರೆ ಕಡೆಯ ಶರಣರ ಮನೆ. ಗಂಡ ಕಂಪನಿಯೊಂದರಲ್ಲಿ ದೊಡ್ಡ ಕೆಲಸದಲ್ಲಿದ್ದರು, ನಾನು ಹೋದಾಗೆಲ್ಲ ಆಫೀಸಿನಲ್ಲೇ ಇರುತ್ತಿದ್ದರು. ಮನೆಯಲ್ಲಿ ಇರುತ್ತಿದ್ದವರು ಅವರ ಹೆಂಡತಿ ಮತ್ತು ತಾಯಿ. ತಾಯಿಗೆ ಎಪ್ಪತ್ತರ ಮೇಲಾಗಿತ್ತು. ಹಣೆತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಇಳಕಲ್ ಸೀರೆ. ಹಾಲಿನ ಮೂಲೆಯಲ್ಲಿ ಒಂದು ಮಣೆ ಹಾಕಿಕೊಂಡು ಅವರು ದಿನಾ ಲಿಂಗಪೂಜೆ ಮಾಡುತ್ತಿದ್ದರು. ಆ ಮೂಲೆಗೆ ಕಿಟಕಿ ಇಲ್ಲ. ಎಣ್ಣೆ ದೀಪ ಹಚ್ಚಿದರೆ ಬಿಳಿ ಫಾಲ್ಸ್ ಸೀಲಿಂಗಿಗೆ ಮಸಿ ಹತ್ತುತ್ತದೆಂದು, ಸರಿಯಾಗಿ ಅವರ ಅಂಗೈ ಮೇಲೆ ಬೀಳುವಂತೆ ಸೀಲಿಂಗಿನಲ್ಲಿ ಒಂದು ಸಣ್ಣ ಹ್ಯಾಲೊಜೆನ್ ದೀಪ ಕೂರಿಸಿದ್ದರು. ಹನ್ನೆರಡು ವೋಲ್ಟಿನ ದೀಪ. ಮೇಲೆ ಸೀಲಿಂಗಿನ ಬೆನ್ನ ಮೇಲೆ ಅದಕ್ಕೊಂದು ಟ್ರಾನ್ಸ್‌ಫಾರ್ಮರ್. ಬೆಳಕು ಹೆಚ್ಚು ಕಡಿಮೆ ಮಾಡಲು ಗೋಡೆಯಲ್ಲಿ ತಿರುಗಿಸುವ ಡಿಮ್ಮರ್.

"ನೋಡಪ್ಪ, ನಾನು ಲಿಂಗದ ಮ್ಯಾಲೆ ದೃಷ್ಟಿ ಇಡ್ತೀನಿ, ಇದು ನನ್ ತಲೆ ಮ್ಯಾಲೆ ಗುಂಯ್ ಅಂತತಿ" ಅಂದರು ಆ ಅಮ್ಮ. "ದುಂಬಿ ಹೊಕ್ಕಂಗ್ ಐತಿ. ಮನಸು ನಿಲ್ಲಂಗಿಲ್ಲ."

ನಾನು ಚಪ್ಪಲಿ ಬಿಡುವಾಗಲೇ ಅದು ಕೇಳಿಸಿತ್ತು. ಪೀಣ್ಯದ ಹಳೇ ಪರಿಚಯದವನು ಕೂಗಿ ಕರೆದ ಹಾಗಾಯಿತು. "ಕಬ್ಬಿಣದ್ದು ಅಮ್ಮಾ, ತಗಡು ಸಡಿಲ ಆಗಿದೆ. ಅದೂ ಅಲ್ದೆ ನೇರ ಸೀಲಿಂಗ್ ಹಲಗೆ ಮೇಲೇ ಕೂರ್ಸಿದಾರೆ, ಹಲಗೆ ತಮಟೆ ಥರ ಹೊಡ್ಕೊಳ್ತಾ ಇದೆ" ಅಂದೆ. ಏಣಿ ಹಾಕಿ, ಕರೆಂಟು ಹೋಗಲೆಂದು ಎಂಸಿಬಿ ಇಳಿಸಿ, ದೀಪದ ತೂತಿನಿಂದ ಕೈ ಹಾಕಿ ಎಳೆದರೆ ಹೇಳಿದ ಹಾಗೇ ಇತ್ತು. ಬೋಲ್ಟು ಬಿಗಿ ಮಾಡಿದೆ. ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ಅಡಿಗೆ ಇಟ್ಟೆ. ಸದ್ದು ಮುಕ್ಕಾಲು ಪಾಲು ಹೋಯಿತು.

"ಪೂರಾ ಹೋಗಂಗಿಲ್ಲೇನಪ?"

"ಪೂರ್ತಿ ಹೋಗ್ಬೇಕು ಅಂದ್ರೆ ಇದನ್ನೇ ತೆಗೆದು ಎಲೆಕ್ಟ್ರಾನಿಕ್ ಹಾಕ್ಬೇಕು. ಅದ್ರಲ್ಲಿ ಕಬ್ಬಿಣಾನೇ ಇಲ್ಲ, ಎಲ್ಲಿಂದ ಬರುತ್ತೆ ಸದ್ದು?"

ಎರಡು ದಿನ ಬಿಟ್ಟು ಅದನ್ನೇ ತಂದು ಹಾಕಿದೆ. ದೀಪ ಹತ್ತಿತು. ಅದರಡಿ ನಿಂತು ತಲೆ ಎತ್ತಿ ಕೇಳಿದೆ. ಏನೂ ಇಲ್ಲ. ಡಿಮ್ಮರ್ ತಿರುಗಿಸಿ ಸಣ್ಣದು ಮಾಡಿದೆ. ಆಗಲೂ ಇಲ್ಲ. ಅಮ್ಮ ಸ್ನಾನಕ್ಕೆ ಹೋಗಿದ್ದರು. ಸೊಸೆಗೆ ಹೇಳಿ ಹೊರಟೆ. ಆ ಕಬ್ಬಿಣದ ಹಳೇ ಟ್ರಾನ್ಸ್‌ಫಾರ್ಮರನ್ನು ಚೀಲಕ್ಕೆ ಹಾಕಿಕೊಳ್ಳುವಾಗ ಮಾತ್ರ ಸ್ವಲ್ಪ ಬೇಜಾರಾಯಿತು.

ಮಾರನೆಯ ದಿನವೇ ಸೆಕ್ಯೂರಿಟಿಯವನ ಫೋನು. "ಅಣ್ಣಾ, ಆ ಅಜ್ಜಿ ಮನೆ ಲೈಟು. ಈಗ್ಲೂ ಸದ್ದಂತೆ."

ಹೋದೆ. ಅಮ್ಮ ಬಾಗಿಲಲ್ಲೇ ಕಾದಿದ್ದರು. "ದುಂಬಿ ಹೋತು ಕಣಪ್ಪ, ಈಗ ಸೊಳ್ಳೆ ಬಂದತಿ. ಕೀಂ ಅಂತ ಒಂದೇ ಸಮ. ಮದ್ಲಿಂದೇ ವಾಸಿ ಇತ್ತು."

ದೀಪ ಹಾಕಿ ಕೇಳಿದೆ. ಇಲ್ಲ. ಏಣಿ ಹತ್ತಿ ಕಿವಿಯನ್ನು ಸೀಲಿಂಗಿಗೆ ಒತ್ತಿ ಕೇಳಿದೆ. ಇಲ್ಲ. ಚೀಲದಿಂದ ಮರದ ಹಿಡಿಯ ಸ್ಕ್ರೂಡ್ರೈವರ್ ತೆಗೆದು, ತುದಿಯನ್ನು ಆ ಪ್ಲಾಸ್ಟಿಕ್ ಡಬ್ಬಿಗೆ ಒತ್ತಿ ಕಿವಿಯ ಹಿಂದಕ್ಕೆ ಆನಿಸಿ ಕಣ್ಣು ಮುಚ್ಚಿದೆ. ಬಾವಿಗೆ ಕಿವಿಕೊಟ್ಟ ಹಾಗಿತ್ತು. ಕೆಳಗಿಳಿದು ಹೇಳಿದೆ: "ಅಮ್ಮಾ, ಬೇಜಾರ್ ಮಾಡ್ಕೋಬೇಡಿ. ವಯಸ್ಸಾದ್ಮೇಲೆ ಕಿವಿ ಒಳಗೇ ಒಂಥರಾ ಸದ್ದು ಬರುತ್ತೆ. ನಮ್ಮಮ್ಮಂಗೂ ಬರ್ತಿತ್ತು."

ಅಮ್ಮ ನನ್ನನ್ನೇ ನೋಡಿದರು. "ನನ್ ಕಣ್ಣು ಹೋಗ್ಯಾವು, ಮೊಣಕಾಲು ಹೋಗ್ಯಾವು. ಕಿವಿ ಚಲೋ ಅದಾವಪ್ಪ. ಮ್ಯಾಲಿನ್ ಮನ್ಯಾಗೆ ಜಗಳ ಆಡಿದ್ದೂ ಕೇಳ್ತತಿ ನಂಗೆ. ಯಾವ ಮಾತಿಗೆ ಯಾರು ಅತ್ರು ಅಂಬೋದೂ ಹೇಳ್ತೀನಿ, ಬೇಕಂದ್ರೆ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆ ನಕ್ಕರು. ಆಮೇಲೆ ಸಂಕೋಚದಿಂದ, "ಅಣ್ಣಾ, ನನಗೂ ಸ್ವಲ್ಪ ಕೇಳ್ಸುತ್ತೆ ಅನ್ಸುತ್ತೆ" ಅಂದರು.

ನನಗೆ ಮೈ ಉರಿಯಿತು. ಪೀಣ್ಯದಲ್ಲಿ ಹದಿನೈದು ವರ್ಷ ಇದೇ ಕೆಲಸ ಮಾಡಿದವನಿಗೆ ಇವರು ಸದ್ದಿನ ವಿಷಯ ಹೇಳುವುದೆ? ಅತ್ತೆ ಹೇಳಿದ್ದಕ್ಕೆ ಸೊಸೆ ತಾಳ ಹಾಕುತ್ತಿದ್ದಾಳೆ ಅಂದುಕೊಂಡೆ. ಇದನ್ನು ಇಲ್ಲೇ ತೀರ್ಮಾನ ಮಾಡಿಬಿಡಬೇಕು ಅನ್ನಿಸಿತು.

"ಅಮ್ಮಾ, ಒಂದ್ ಕೆಲ್ಸ ಮಾಡಿ. ಮಣೆ ಮೇಲೆ ಗೋಡೆ ಕಡೆ ಮುಖ ಮಾಡ್ಕೊಂಡು ಕೂತ್ಕೊಳ್ಳಿ. ಸೆರಗಿಂದ ಕಣ್ ಮುಚ್ಕೊಳ್ಳಿ, ಬೆಳಕು ಕಾಣ್ಬಾರ್ದು. ನಾನು ಲೈಟ್ ಹಾಕ್ತೀನಿ, ಆರಿಸ್ತೀನಿ. ಸದ್ದು ಬಂದಾಗ ಕೈ ಎತ್ತಿ."

"ಸಣ್ ಹುಡುಗ್ರ ಆಟ ಆತಲ್ಲೋ" ಅನ್ನುತ್ತಾ ಅಮ್ಮ ಕೂತರು. ಸೆರಗನ್ನು ಎರಡು ಮಡಿಕೆ ಮಾಡಿ ಕಣ್ಣಿನ ಮೇಲೆ ಎಳೆದುಕೊಂಡು ಒಂದು ಕೈಯಿಂದ ಹಿಡಿದುಕೊಂಡರು.

ಸ್ವಿಚ್ ಬೋರ್ಡ್ ಅವರ ಬೆನ್ನ ಹಿಂದೆ, ಬಾಗಿಲ ಪಕ್ಕ ಇತ್ತು. ಮೊದಲು ಬೇಕೆಂದೇ ಪಕ್ಕದ ಫ್ಯಾನಿನ ಸ್ವಿಚ್ಚನ್ನು ಟಕ್ ಅನ್ನಿಸಿ, ಕೂಡಲೇ ಆರಿಸಿದೆ. ಕೈ ಎತ್ತುತ್ತಾರೆ, ಸಿಕ್ಕಿಬೀಳುತ್ತಾರೆ ಅಂದುಕೊಂಡಿದ್ದೆ.

"ಅದು ಫ್ಯಾನಿಂದು" ಅಂದರು ಅಮ್ಮ. ಕೈ ತೊಡೆಯ ಮೇಲೇ ಇತ್ತು.

ದೀಪ ಹಾಕಿದೆ. ಡಿಮ್ಮರ್ ಪೂರ್ತಿ ಏರಿಸಿದ್ದೆ. ಕೈ ಒಂದಿಷ್ಟು ಮಾತ್ರ ಎದ್ದಿತು. "ಈಗ ಸಣ್ಣಕೆ ಐತಿ." ಸದ್ದು ಮಾಡದೆ ಮೆಲ್ಲಗೆ ಡಿಮ್ಮರ್ ಇಳಿಸತೊಡಗಿದೆ. ಕೈ ಮೇಲೇರಿತು. ಇನ್ನೂ ಇಳಿಸಿದೆ. ಇನ್ನೂ ಏರಿತು, ಬಳೆಗಳು ಮೊಣಕೈ ಕಡೆ ಜಾರಿದವು. ಹಿಂದಕ್ಕೆ ತಿರುಗಿಸಿದೆ, ಕೈ ಇಳಿಯಿತು. ಅರ್ಧಕ್ಕೆ ತಂದು ನಿಲ್ಲಿಸಿದೆ. ಕೈ ಅರ್ಧದಲ್ಲಿ ನಿಂತಿತು. ಆರಿಸಿದೆ. ಹಕ್ಕಿ ಕೂತ ಹಾಗೆ ತೊಡೆಯ ಮೇಲೆ ಬಂದು ಕೂತಿತು. ಮತ್ತೆ ಹಾಕಿದೆ, ಮತ್ತೆ ಎದ್ದಿತು. ಒಂದೇ ಒಂದು ಸಲವೂ ತಪ್ಪಲಿಲ್ಲ.

ಆ ಹಾಲಿನಲ್ಲಿ ಮೂರು ಜನ ಇದ್ದೆವು. ಏನೋ ಒಂದು ಏರುತ್ತಿತ್ತು, ಇಳಿಯುತ್ತಿತ್ತು. ಇಬ್ಬರಿಗೆ ಅದು ಕೇಳುತ್ತಿತ್ತು. ನಾನು ಅದನ್ನು ಮುದುಕಿಯೊಬ್ಬರ ಕೈಯಲ್ಲಿ ನೋಡುತ್ತಿದ್ದೆ. ಯಾವತ್ತಿನಿಂದ ಹೀಗೆ? ಇದಕ್ಕೂ ಮುಂಚೆ ಯಾರ್ಯಾರ ಮನೆಯ ಸೀಲಿಂಗಿಗೆ ಕಿವಿ ಇಟ್ಟು "ಏನೂ ಇಲ್ಲ ಸಾರ್" ಎಂದು ಬಂದಿದ್ದೇನೆ?

"ಸಾಕೇನಪ? ಕೈ ಸೋತ್ವು" ಅಂದರು ಅಮ್ಮ.

"ಸಾಕಮ್ಮ."

ಸೊಸೆ ಅಷ್ಟರಲ್ಲಿ ಮೇಜಿನ ಮೇಲಿದ್ದ ಹೊಸ ಟ್ರಾನ್ಸ್‌ಫಾರ್ಮರಿನ ರಟ್ಟಿನ ಪೆಟ್ಟಿಗೆ ತೆಗೆದುಕೊಂಡು ತಿರುಗಿಸಿ ನೋಡುತ್ತಿದ್ದರು. ನಾನೇ ಬಿಟ್ಟು ಹೋಗಿದ್ದ ಪೆಟ್ಟಿಗೆ. "ಅಣ್ಣಾ, ಇದರ ಹಿಂದೆ ಬರ್ದಿದಾರೆ. ಡಿಮ್ಮರ್ ಜೊತೆ ಬಳಸಬಾರದು ಅಂತೆ. ಅದಕ್ಕೇನಾದ್ರೂ ಇರ್ಬೋದಾ?"

ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ಇತ್ತದು. ಅವರು ಬೇಳೆ ಆರಿಸುವವರ ಹಾಗೆ ಸಲೀಸಾಗಿ ಓದಿಬಿಟ್ಟರು. ನಾನು ಪೆಟ್ಟಿಗೆಯ ಮೇಲೆ ಓದುತ್ತಿದ್ದದ್ದು ವೋಲ್ಟು ಮತ್ತು ವ್ಯಾಟು, ಅಷ್ಟೇ. ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಮೇಲೆ ಯಾರೂ ಏನೂ ಬರೆದು ಕಳಿಸುತ್ತಿರಲಿಲ್ಲ. ಅದು ತನ್ನ ಕಷ್ಟ ತಾನೇ ಹೇಳಿಕೊಳ್ಳುತ್ತಿತ್ತು.

"ಗೊತ್ತು ಮೇಡಂ, ಅದನ್ನೇ ಮಾಡೋಣ ಅಂತ ಇದ್ದೆ" ಅಂದೆ.

ಡಿಮ್ಮರ್ ಬಿಚ್ಚಿ ಆ ಜಾಗಕ್ಕೆ ಸಾದಾ ಸ್ವಿಚ್ಚು ಕೂರಿಸಿದೆ. ನನ್ನ ಕೈ ಅದರಷ್ಟಕ್ಕೆ ಕೆಲಸ ಮಾಡಿತು. ಕೈಗೆ ಏನೂ ಆಗಿರಲಿಲ್ಲ. ಬೆಳಕು ಕಣ್ಣು ಕುಕ್ಕಬಾರದೆಂದು ಚೀಲದಲ್ಲಿದ್ದ ಕಡಿಮೆ ವ್ಯಾಟಿನ ದೀಪ ಹಾಕಿದೆ. ಸ್ವಿಚ್ ಒತ್ತಿ, ಸೀಲಿಂಗ್ ಕಡೆ ನೋಡದೆ ಅಮ್ಮನ ಕೈ ಕಡೆ ನೋಡಿದೆ. ಈ ಸಲ ಸೆರಗು ಕಣ್ಣಿನ ಮೇಲಿರಲಿಲ್ಲ. ಕೈ ತೊಡೆಯ ಮೇಲೇ ಇತ್ತು.

"ಈಗ?"

ಅಮ್ಮ ಸ್ವಲ್ಪ ಹೊತ್ತು ಕೇಳಿಸಿಕೊಂಡರು. "ಈಗ ಇಲ್ಲಪ್ಪ. ಹೋತು." ಕರಡಿಗೆಯಿಂದ ಲಿಂಗ ತೆಗೆದು ಅಂಗೈಯಲ್ಲಿಟ್ಟು ನೋಡಿದರು. ಕಪ್ಪು ಲಿಂಗದ ನೆತ್ತಿಯ ಮೇಲೆ ಸಾಸಿವೆಯಷ್ಟು ಬೆಳಕು ನಿಂತಿತ್ತು. "ಹಾ, ಇಷ್ಟು ಸಾಕು ನಂಗೆ."

ಏಣಿ ಮಡಚುತ್ತಿದ್ದಾಗ ಅವರು ಮೆಲ್ಲಗೆ ಕೇಳಿದರು, "ನಿಂಗೆ ಕೇಳ್ಲಿಲ್ಲ, ಅಲ್ಲೇನಪ?"

"ಕೇಳ್ತಿತ್ತಮ್ಮ. ಸಣ್ಣಗೆ."

ಅಮ್ಮ ಸೊಸೆಗೆ ಚಹಾ ಮಾಡಲು ಹೇಳಿದರು. ನಾನು ಬೇಡ ಅಂದೆ, ಅವರು ಕುರ್ಚಿ ತೋರಿಸಿದರು. ಚಹಾ ಬಂದ ಮೇಲೆ, ನನ್ನನ್ನು ನೋಡದೆ, ಗೋಡೆಗೆ ಹೇಳುವವರ ಹಾಗೆ ಹೇಳಿದರು: "ನಮ್ಮನಿಯೋರು ದಾವಣಗೆರೆ ಮಿಲ್ಲಿನಾಗೆ ಇದ್ರು. ಮಗ್ಗದ ಖಾತೆ. ಮನಿಗೆ ಬಂದ ಮ್ಯಾಲೂ ಕೂಗಿ ಮಾತಾಡೋರು. ನಾನೇನಾರ ಹೇಳಿದ್ರೆ ಹೂಂ, ಹೂಂ, ಸಣ್ಣಕೆ ಕೇಳ್ತತಿ ಅನ್ನೋರು. ನೀ ಅಂದ್ಯಲ್ಲ ಈಗ, ಅಂಗೇ. ತಲೆ ಇಂಗ್ ಒಂದ್ ಕಡೆ ವಾಲಿಸಿ." ತಮ್ಮ ತಲೆಯನ್ನು ಬಲಕ್ಕೆ ವಾಲಿಸಿ ತೋರಿಸಿದರು. ನನ್ನ ತಲೆ ಆಗಲೂ ಹಾಗೇ ವಾಲಿತ್ತು. ನೆಟ್ಟಗೆ ಮಾಡಿಕೊಂಡೆ.

"ಆಮೇಲೆ ವಾಸಿ ಆಯ್ತಾ ಅವ್ರಿಗೆ?" ಅಂದೆ.

"ಇಲ್ಲಪ್ಪ. ಹೋದದ್ದು ಹೋತು. ಇದ್ದದ್ದರಾಗೇ ಬಾಳೇವು ಮಾಡಿದ್ವಿ. ನಾನು ಅವ್ರ ಎದ್ರಿಗೆ ಬಂದು ನಿಂತು ಮಾತಾಡೋದು ಕಲ್ತೆ." ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಹೆಂಡ್ತಿಗೆ ಹೇಳು. ಮುಚ್ಚಿ ಇಟ್ಕೊಬ್ಯಾಡ. ಆಕಿ ಸಿಟ್ಟು ಅಂತ ತಿಳ್ಕೊಂತಾಳೆ" ಅಂದರು.

ಚಹಾ ಅರ್ಧ ಕುಡಿದು ಲೋಟ ಇಟ್ಟು ಬಂದೆ.

ಬೇರೆ ಎರಡು ಕಡೆ ಕೆಲಸ ಒಪ್ಪಿಕೊಂಡಿದ್ದೆ. ಹೋಗಲಿಲ್ಲ. ಕುಂದಲಹಳ್ಳಿ ಗೇಟಿನ ಟ್ರಾಫಿಕ್ಕಿನಲ್ಲಿ ಗಾಡಿ ನಿಲ್ಲಿಸಿಕೊಂಡು ನಿಂತಿದ್ದಾಗ, ಬಸ್ಸು, ಲಾರಿ, ಕಾಂಕ್ರೀಟ್ ಮಿಕ್ಸರು, ಎಲ್ಲ ಚೆನ್ನಾಗಿ ಕೇಳುತ್ತಿತ್ತು. ಬೇಡದ್ದೆಲ್ಲ ಕೇಳುತ್ತಿತ್ತು. ಮನೆಗೆ ಬರುವ ಹೊತ್ತಿಗೆ ಸಂಜೆಯಾಗಿತ್ತು. ಹಿತ್ತಲ ಬಾಗಿಲಿನ ಮೆಟ್ಟಿಲ ಮೇಲೆ ಕೂತೆ. ಎದುರಿಗೆ ಪಾರ್ಥೇನಿಯಂ ಗಿಡಗಳು, ಅದರಾಚೆ ಕೆರೆ, ಕೆರೆಯಾಚೆ ಅಪಾರ್ಟ್‌ಮೆಂಟಿನ ದೀಪಗಳು ಒಂದೊಂದಾಗಿ ಹತ್ತುತ್ತಿದ್ದವು. ಹೆಂಡತಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು.

"ಜೀರುಂಡೆ ಕೂಗ್ತಿದಾವಾ?" ಎಂದು ಕೇಳಿದೆ.

ಅವಳು ಬಟ್ಟೆ ಹೆಗಲ ಮೇಲೆ ಹಾಕಿಕೊಂಡು ನನ್ನ ಕಡೆ ತಿರುಗಿದಳು. "ಇದೇನ್ರೀ ಹೊಸದಾಗಿ? ದಿನಾ ಕೂಗ್ತಾವಲ್ಲ. ಕಿವಿ ತೂತು ಬೀಳೋ ಹಾಗೆ."

"ಮತ್ತೆ ನಾನು ಇಲ್ಲ ಇಲ್ಲ ಅಂತಿದ್ದಾಗ ಯಾಕೆ ಹೇಳ್ಲಿಲ್ಲ?"

"ಹೇಳ್ದೆ ಒಂದ್ಸಲ. ನೀವೆಲ್ಲಿ ಕೇಳ್ಸ್ಕೊಂಡ್ರಿ? ಅಪಾರ್ಟ್‌ಮೆಂಟ್‌ನೋರ್ನ ಬಯ್ಯಕ್ಕೆ ನಿಮ್ಗೊಂದು ಕಾರಣ ಸಿಕ್ಕಿತ್ತು, ಬಯ್ಕೊಳ್ಳಿ ಅಂತ ಸುಮ್ನಾದೆ."

ಅವಳಿಗೆ ಆ ಮನೆಯ ವಿಷಯ ಹೇಳಿದೆ. ಆ ಅಮ್ಮನ ಕೈ ಏರಿದ್ದು ಇಳಿದದ್ದು ಎಲ್ಲ ಹೇಳಿದೆ. ಅವಳು ಏನೋ ಅಂದಳು. ಬೆನ್ನು ತಿರುಗಿಸಿ ಅಂದಳು, ನನಗೆ ತಿಳಿಯಲಿಲ್ಲ. ಏನು ಅಂತ ಕೇಳುವುದಕ್ಕೆ ಹೋಗಲಿಲ್ಲ. ಅವಳ ಹೆಗಲ ಮೇಲಿದ್ದ ಬಟ್ಟೆ ಅಲ್ಲಾಡುತ್ತಿತ್ತು, ಅಳುತ್ತಿದ್ದಳೋ ನಗುತ್ತಿದ್ದಳೋ.

ಅವಳ ಒತ್ತಾಯಕ್ಕೆ ಸರ್ಕಾರಿ ಆಸ್ಪತ್ರೆಗೆ ಹೋದೆ. ಒಂದು ಸಣ್ಣ ಕೋಣೆ, ಗೋಡೆಗೆಲ್ಲ ಸ್ಪಂಜು ಬಡಿದಿದ್ದರು. ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಬಟನ್ ಕೊಟ್ಟು, "ಸದ್ದು ಕೇಳಿದಾಗೆಲ್ಲ ಒತ್ತಿ ಅಣ್ಣ" ಎಂದು ಹೇಳಿ ಟೆಸ್ಟ್ ಮಾಡುವ ಹುಡುಗಿ ಬಾಗಿಲು ಹಾಕಿಕೊಂಡು ಹೋದಳು. ಮೊದಲು ದಪ್ಪ ಸದ್ದುಗಳು ಬಂದವು, ಒತ್ತಿದೆ. ಆಮೇಲೆ ನಿಂತವು. ನಾನು ಬಟನ್ ಮೇಲೆ ಬೆರಳಿಟ್ಟುಕೊಂಡು, ಉಸಿರು ಹಿಡಿದು ಕಾದೆ. ಎರಡನೇ ಭಾಗ ಶುರುವಾಗಲಿ ಅಂತ ಕಾಯುತ್ತಿದ್ದೆ. ಬಾಗಿಲು ತೆರೆಯಿತು.

"ಇನ್ನೂ ಶುರು ಮಾಡ್ಲಿಲ್ವಾ ಮೇಡಂ?"

"ಮುಗೀತಣ್ಣ" ಅಂದಳು.

ಡಾಕ್ಟರು ಕಾಗದದ ಮೇಲಿದ್ದ ಒಂದು ಗೆರೆ ತೋರಿಸಿದರು. ಅರ್ಧದವರೆಗೆ ನೆಟ್ಟಗೆ ಬಂದು, ಅಲ್ಲಿಂದ ಕಲ್ಲುಕ್ವಾರಿಯ ಅಂಚಿನಂತೆ ಕೆಳಗೆ ಬಿದ್ದಿತ್ತು. "ಸಣ್ಣ, ಚೂಪಾದ ಸದ್ದುಗಳು ಹೋಗಿವೆ. ವಾಪಸ್ ಬರಲ್ಲ. ಎಲ್ಲಿ ಕೆಲ್ಸ ಮಾಡ್ತಿದ್ರಿ?"

"ಪೀಣ್ಯ."

"ಗಲಾಟೆ ಇತ್ತಾ? ಕಿವಿಗೆ ಏನೂ ಹಾಕ್ಕೊಳ್ತಿರ್ಲಿಲ್ವಾ?"

ಕಿವಿ ಮುಚ್ಚಿಕೊಳ್ಳದೆ ಇರುವುದಕ್ಕೇ ಅಲ್ಲವೇ ನನಗೆ ಅಲ್ಲಿ ಬೆಲೆ ಇದ್ದದ್ದು? ಅದನ್ನು ಅವರಿಗೆ ಹೇಗೆ ಹೇಳುವುದು? "ಇಲ್ಲ ಸಾರ್" ಅಂದೆ. ಕಿವಿಗೆ ಮೆಷಿನ್ ಹಾಕಿಕೊಳ್ಳಬಹುದು ಅಂದರು. ನೋಡೋಣ ಅಂದೆ. ಇಲ್ಲಿಯವರೆಗೂ ನೋಡಿಲ್ಲ.

ಕೆಲಸ ಬಿಡಲಿಲ್ಲ. ಬಿಟ್ಟು ಮಾಡುವುದೇನು? ಹ್ಯಾಲೊಜೆನ್ ಹೋಗಿ ಎಲ್ಲ ಕಡೆ ಎಲ್‌ಇಡಿ ಬಂತು. ಅದರದೂ ಒಂದು ಸದ್ದು ಇರುತ್ತದಂತೆ, ಜನ ಹೇಳುತ್ತಾರೆ. ಸದ್ದಿನ ಕೇಸು ಬಂದರೆ ಈಗ ಬಾಗಿಲಲ್ಲಿ ನಿಂತು ತೀರ್ಪು ಕೊಡುವುದಿಲ್ಲ. ಮನೆಯವರನ್ನೇ ದೀಪದ ಕೆಳಗೆ ಕೂರಿಸುತ್ತೇನೆ. "ನಾನು ಒಂದೊಂದಾಗಿ ಬಿಚ್ತೀನಿ. ಸದ್ದು ನಿಂತಾಗ ಕೈ ಇಳಿಸಿ" ಅನ್ನುತ್ತೇನೆ. ಯಾಕೆ ಹೀಗೆ ಎಂದು ಕೆಲವರು ಕೇಳುತ್ತಾರೆ. "ಇದೇ ಸರಿಯಾದ ರೀತಿ ಸಾರ್" ಅನ್ನುತ್ತೇನೆ. ನನ್ನ ಕಿವಿಯ ವಿಷಯ ಯಾರಿಗೂ ಹೇಳುವುದಿಲ್ಲ. ಒಬ್ಬ ಮನುಷ್ಯ ಕತ್ತು ಎತ್ತಿ, ಕೈ ಅರ್ಧ ಎತ್ತಿಕೊಂಡು, ನನಗೆ ಗೊತ್ತಿಲ್ಲದ ಯಾವುದನ್ನೋ ಕೇಳಿಸಿಕೊಳ್ಳುತ್ತಾ ಕೂತಿರುವುದನ್ನು ಏಣಿಯ ಮೇಲಿಂದ ನೋಡುತ್ತೇನೆ. ಕೈ ಇಳಿಯುವವರೆಗೆ ಕಾಯುತ್ತೇನೆ.

ಮಗಳು ಡಿಗ್ರಿ ಮುಗಿಸಿದಳು. ಅವಳ ದನಿ ಅವರಮ್ಮನ ಹಾಗೆ, ತೆಳು. ನನ್ನ ಹತ್ತಿರ ಮಾತಾಡುವಾಗ ಎದುರಿಗೆ ಬಂದು ನಿಲ್ಲುತ್ತಾಳೆ. ಹಾಗೆ ಮಾಡು ಎಂದು ಅವಳಿಗೆ ಯಾರು ಹೇಳಿಕೊಟ್ಟರೋ ನಾನು ಕೇಳಿಲ್ಲ. ಪೆಟ್ಟಿಗೆಗಳ ಮೇಲಿನ ಸಣ್ಣ ಅಕ್ಷರಗಳನ್ನು ಅವಳೇ ಓದಿ ಹೇಳುತ್ತಾಳೆ.

ಈಗ ನನಗಿರುವುದು ಇಷ್ಟು. ಹೂಡಿಯಲ್ಲೇ ಆಮೇಲೆ ಕಟ್ಟಿಕೊಂಡ ಶೀಟಿನ ಸ್ವಂತ ಮನೆ ಒಂದು, ಕೋಣೆ ಎರಡು. ಹೆಂಡತಿ. ಮಗಳು ಒಬ್ಬಳು. ಹಳೇ ಸ್ಕೂಟರ್ ಒಂದು. ಅಲ್ಯೂಮಿನಿಯಂ ಏಣಿ ಒಂದು, ಡ್ರಿಲ್ ಮೆಷಿನ್ ಎರಡು, ಮರದ ಹಿಡಿಯ ಸ್ಕ್ರೂಡ್ರೈವರ್ ಒಂದು. ಆ ಮನೆಯಿಂದ ತಂದ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಒಂದು. ಕರೆಂಟು ಕೊಟ್ಟರೆ ಈಗಲೂ ಗುಂಯ್ ಅನ್ನುತ್ತದೆ, ಅದು ನನಗೆ ಕೇಳುತ್ತದೆ. ಕಿವಿ ಎರಡು. ಎಡಗಡೆಯದು ಸ್ವಲ್ಪ ವಾಸಿ.